ಓದುವವಳ ಮೊರ

ನಮ್ಮ ನಡುಮನೆಯಲ್ಲಿ ಹಗಲು ಅಕ್ಷರ ಕಾಣುವಷ್ಟು ಬೆಳಕು ಬೀಳುತ್ತಿದ್ದುದು ಮಧ್ಯಾಹ್ನದ ಹೊತ್ತು ಮಾತ್ರ. ಮಣ್ಣಿನ ಮಾಳಿಗೆಯ ಮನೆ. ಆಗ ಗೋಡೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ನಡುವೆ ಗವಾಕ್ಷಿ, ಅಂದರೆ ಒಂದು ಮೊರದಗಲದ ಕಿಂಡಿ. ಸೂರ್ಯ ನೆತ್ತಿಗೆ ಬಂದಾಗ ಅದರಿಂದ ಬಿಸಿಲು ಕಂಬದಂತೆ ಇಳಿದು ನೆಲದ ಮೇಲೆ ಒಂದು ಚೌಕವಾಗುತ್ತಿತ್ತು. ಆ ಚೌಕ ನಿಧಾನವಾಗಿ ಮೂಡಣಕ್ಕೆ ಸರಿದು, ಕಣಜದ ಬುಡ ಮುಟ್ಟಿ, ಗೋಡೆ ಹತ್ತಿ ಮಾಯವಾಗುತ್ತಿತ್ತು. ಉಳಿದ ಹೊತ್ತೆಲ್ಲ ಒಳಗೆ ನಸುಗತ್ತಲೆ. ಹಗಲು ಕರೆಂಟು ಇರುತ್ತಿರಲಿಲ್ಲ. ಹೊರಗಿನ ಉರಿಬಿಸಿಲಿಗೆ ಆ ಕತ್ತಲೆಯೇ ನಮಗೆ ಹಿತವಾಗಿತ್ತು.

ಬೇಸಿಗೆ ರಜೆಗೆ ಬಂದಾಗಲೆಲ್ಲ ನೀವು ಕೇಳುತ್ತೀರಿ, ಗವಾಕ್ಷಿಯ ಕೆಳಗೇ ಕೂತು ಗಟ್ಟಿಯಾಗಿ ಓದಿ ಎಂದು ಅಜ್ಜಿ ಯಾಕೆ ಹೇಳುತ್ತಾಳೆ, ಪಕ್ಕದಲ್ಲಿ ಒಂದು ಮೊರ ಶೇಂಗಾ ಯಾಕೆ ಇಡುತ್ತಾಳೆ ಎಂದು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಹಿಂದಿನ ದೀಪಾವಳಿಗೆ ಮುಂಚೆ ನಿಮ್ಮ ತಾತ ಕಾಮಾಲೆಯಾಗಿ ತೀರಿಹೋಗಿದ್ದರು. ನಿಮ್ಮಮ್ಮ ಆಗ ಏಳನೇ ತರಗತಿ. ಅಪ್ಪ ಹೋದ ಮೇಲೆ ಅವಳು ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆಗೆ ಹೋಗಿ ಕೂತು ಬಂದಳು, ಅಷ್ಟೆ. ಹೇಗೋ ಪಾಸಾದಳು. ಜೂನ್ ತಿಂಗಳಲ್ಲಿ ಚಳ್ಳಕೆರೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕಾಗಿತ್ತು. ನಾನು ಹೋಗುವುದಿಲ್ಲ ಎಂದು ಒಂದೇ ಮಾತು ಹೇಳಿ ಸುಮ್ಮನಾದಳು. ಹೋಗದಿದ್ದರೆ ಬಿಡು, ಕಳೆ ಕೀಳುವುದಕ್ಕೆ ಒಂದು ಕೈ ಜಾಸ್ತಿಯಾಗುತ್ತೆ ಎಂದರು ನಮ್ಮತ್ತೆ. ನನ್ನನ್ನು ನಾಲ್ಕನೇ ತರಗತಿಗೆ ಬಿಡಿಸಿದಾಗಲೂ ನಮ್ಮ ತವರಿನಲ್ಲಿ ಹೀಗೇ ಅಂದಿದ್ದರು. ಇವಳನ್ನು ಮಾತ್ರ ಬಿಡಿಸಬಾರದು ಎಂದು ನನ್ನ ತಲೆಯಲ್ಲಿ ಹಗಲಿರುಳು ಕೊರೆಯುತ್ತಿತ್ತು. ಊರಿನ ಮೇಷ್ಟರು ದಾರಿಯಲ್ಲಿ ಸಿಕ್ಕಾಗ, ಪಾಠದ ಪುಸ್ತಕ ಬೇಡಮ್ಮ, ರಜೆಯಲ್ಲಿ ಏನಾದರೂ ಕಥೆ ಪುಸ್ತಕ ಓದಿಸು, ಹೀಗೇ ಸುಮ್ಮನೆ ಕೂತರೆ ಆ ಹುಡುಗಿ ಮತ್ತೆ ಶಾಲೆ ಕಡೆ ಬರುವುದಿಲ್ಲ ಎಂದಿದ್ದರು.

ಕಥೆ ಪುಸ್ತಕ ಎಲ್ಲಿಂದ ತರುವುದು? ಚಳ್ಳಕೆರೆಯ ಸಂತೆಗೆ ಹೋದಾಗ ರದ್ದಿ ಪೇಪರ್ ಅಂಗಡಿಯ ಸಾಹೇಬರನ್ನು ಕೇಳಿದೆ. ಕೇಳಿದೆ ಅಂದರೆ, ಅಂಗಡಿ ಮುಂದೆ ನಿಂತೆ. ಅವರೇ ಮಾತಾಡಿಸಿ ವಿಷಯ ತಿಳಿದುಕೊಂಡರು. ಹಳೆಯ ಪೇಪರಿನ ಕಟ್ಟುಗಳ ಸಂದಿಯಿಂದ ಮಕ್ಕಳ ಪುಸ್ತಕಗಳನ್ನು ಎಳೆದೆಳೆದು, ಧೂಳು ಕೊಡವಿ, ನನ್ನ ಚೀಲಕ್ಕೆ ಹಾಕಿದರು. ನಾನು ತಕ್ಕಡಿಯ ಕಡೆ ನೋಡಿದೆ.

"ಬಚ್ಚಾ ಲೋಗ್ ಓದೋ ಪುಸ್ತಕ ತಕ್ಕಡೀಗೆ ಹಾಕಲ್ಲಮ್ಮ ನಾನು. ತಗೊಂಡೋಗು" ಅಂದರು.

ಕೆಲವಕ್ಕೆ ರಟ್ಟು ಇರಲಿಲ್ಲ. ಅವುಗಳಲ್ಲಿ ದಪ್ಪಗಿದ್ದದ್ದು ಒಂದು ಹಡಗಿನ ಕಥೆ. ದಾರಿ ತಪ್ಪಿದ ಹಡಗಿನಲ್ಲಿ ಒಬ್ಬ ಹುಡುಗಿ. ಮೊದಲ ಹಾಳೆ ಹರಿದುಹೋಗಿದ್ದರಿಂದ ಆ ಪುಸ್ತಕದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಏಪ್ರಿಲ್, ಮೇ ಎಂದರೆ ನಮ್ಮ ಕಡೆ ಬಿತ್ತನೆಗೆ ಶೇಂಗಾ ಸುಲಿಯುವ ಕಾಲ. ಮಿಷನ್ನಿಗೆ ಹಾಕಿದರೆ ಬೀಜದ ಮೇಲಿನ ಕೆಂಪು ಪೊರೆ ಕಿತ್ತುಹೋಗಿ ಸರಿಯಾಗಿ ಮೊಳೆಯುವುದಿಲ್ಲ ಎಂದು ಕೈಯಲ್ಲೇ ಸುಲಿಯುತ್ತಿದ್ದೆವು. ಬೀದಿಯ ಮೂರ್ನಾಲ್ಕು ಮಕ್ಕಳು ನಮ್ಮ ನಡುಮನೆಗೆ ಬಂದು ಕೂರುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಮೊರ. ಆ ವರ್ಷ ನಾನೊಂದು ನಿಯಮ ಮಾಡಿದೆ. ಬೆಳಕಿನ ಚೌಕದಲ್ಲಿ ಕೂತು ಓದುವವರು ಸುಲಿಯಬೇಕಾಗಿಲ್ಲ. ಅವರ ಮೊರದ ಕಾಯನ್ನು ಕೊನೆಗೆ ಮಿಕ್ಕವರು ಹಂಚಿಕೊಂಡು ಸುಲಿಯಬೇಕು. ಬೆರಳು ಉರಿಯುವ ಕೆಲಸವಾದ್ದರಿಂದ ಮಕ್ಕಳು ನಾನು ಓದುತ್ತೀನಿ, ನಾನು ಓದುತ್ತೀನಿ ಎಂದು ಜಗಳವಾಡಿದರು. ನಿಮ್ಮಮ್ಮ ಮಾತ್ರ ಕತ್ತಲ ಮೂಲೆಯಲ್ಲಿ ಗೋಡೆಗೆ ಒರಗಿ ಸುಲಿಯುತ್ತ ಕೂತಳು.

ಮೊದಲು ಓದಿದ್ದು ಎದುರು ಮನೆಯ ಹುಡುಗಿ. ಅವಳ ತಾಯಿ ಮೊಳಕಾಲ್ಮೂರಿನ ಮಗ್ಗದವರ ಮನೆಯವಳು, ಮನೆಯಲ್ಲಿ ತೆಲುಗು. ಅವಳು ಕನ್ನಡ ಓದಿದರೆ ಕಲ್ಲಿನ ದಾರಿಯಲ್ಲಿ ಎತ್ತಿನ ಗಾಡಿ ಹೋದಂತಿರುತ್ತಿತ್ತು. ಹಡಗು ದಡ ಬಿಡುವಷ್ಟರಲ್ಲಿ ಚೌಕ ಅರ್ಧ ಸರಿದಿತ್ತು. ಮೂಲೆಯಿಂದ ನಿಮ್ಮಮ್ಮ ಒಂದು ಪದ ತಿದ್ದಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಾರನೆಯ ದಿನ ತಡೆಯಲಾರದೆ ಎದ್ದುಬಂದು, "ತಾ ಇಲ್ಲಿ. ನೀನು ಓದಿದ್ರೆ ಹಡಗು ಮುಳುಗೇ ಹೋಗ್ತೈತೆ" ಎಂದು ಪುಸ್ತಕ ಕಿತ್ತುಕೊಂಡಳು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎನ್ನಿಸಿತು.

ಅವಳ ಓದು ಆ ಮನೆಯಲ್ಲಿ ಕೇಳಿ ತಿಂಗಳುಗಳಾಗಿದ್ದವು. ಮುಂಚೆ ಸಂಜೆ ದೀಪದ ಕೆಳಗೆ ಅವಳು ಪಾಠ ಓದುತ್ತಿದ್ದರೆ ನಿಮ್ಮ ತಾತ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆ ಕೇಳುವವರು ಹೂಂ ಅನ್ನುತ್ತಾರಲ್ಲ, ಅವರು ಹಾಗನ್ನದೆ ಒಂದು ವಾಕ್ಯ ಮುಗಿದ ಕೂಡಲೇ ಒಂದು ಕಾಯಿ ಒಡೆಯುತ್ತಿದ್ದರು. ಟಪ್ ಅಂದರೆ, ಕೇಳಿಸಿತು, ಮುಂದೆ ಓದು ಎಂದು. ಒಡೆಯುವ ರೀತಿಯೂ ಬೇರೆ. ನಾವು ತುದಿ ಒತ್ತಿ ಸಿಪ್ಪೆಯನ್ನು ಚೂರುಚೂರು ಮಾಡುತ್ತೇವೆ. ಅವರು ಎಡಗೈ ಹೆಬ್ಬೆರಳ ಉಗುರನ್ನು ಕಾಯಿಯ ಸೀಳಿಗೆ ಇಟ್ಟು ಬಿಡಿಸುತ್ತಿದ್ದರು. ಎರಡು ಹೋಳೂ ಬುಡದಲ್ಲಿ ಅಂಟಿಕೊಂಡೇ ಉಳಿಯುತ್ತಿದ್ದವು, ಬಾಯಿ ತೆರೆದ ಗುಬ್ಬಿ ಮರಿಯ ಹಾಗೆ.

ನಮ್ಮತ್ತೆಗೆ ಈ ಮಧ್ಯಾಹ್ನದ ಓದು ಹಿಡಿಸಲಿಲ್ಲ. ಅವರಿಗೆ ಕಣ್ಣು ಮಂದ. ಕಣಜಕ್ಕೆ ಒರಗಿ ಕೂರುತ್ತಿದ್ದರು. "ಮಟಮಟ ಮಧ್ಯಾಹ್ನ ಗಟ್ಟಿಯಾಗಿ ಓದಿಸಬ್ಯಾಡ ಕಣೆ. ಯಾರ್‍ಯಾರಿಗೋ ಕರೆದಂಗಾಗ್ತೈತೆ" ಅಂದರು. ಹಗಲು ಬೇರೆ ಹೊತ್ತಿನಲ್ಲಿ ಅಕ್ಷರ ಕಾಣುವುದಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅದಾದ ಒಂದೆರಡು ದಿನಕ್ಕೆ, ಬೆಳಕು ಗೋಡೆ ಹತ್ತಿದ ಮೇಲೆ, ಹಂಚಿಕೊಳ್ಳಲೆಂದು ನಿಮ್ಮಮ್ಮನ ಮೊರವನ್ನು ಎಳೆದೆ. ಅದು ಅವಳ ಎಡಗಡೆ, ಬೆಳಕಿನ ಅಂಚಿನಾಚೆ ಕತ್ತಲಲ್ಲಿತ್ತು. ಅದರಲ್ಲಿ ಕಾಯಿ ಇರಲಿಲ್ಲ. ಒಂದು ಕಡೆ ಬೀಜ, ಇನ್ನೊಂದು ಕಡೆ ಸಿಪ್ಪೆ. ಯಾರು ಸುಲಿದಿರಿ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಮ್ಮಮ್ಮನ ಎರಡು ಕೈಯೂ ಪುಸ್ತಕದ ಮೇಲೆಯೇ ಇದ್ದದ್ದನ್ನು ನಾವೆಲ್ಲ ನೋಡಿದ್ದೆವು.

"ಅತ್ತಾ, ದಯ್ಯಂ ಬಂದು ಸುಲಿದೈತೆ. ನಾಳೆ ನನ್ನ ಮೊರಕ್ಕೂ ಕಳ್ಸು" ಎಂದಳು ಎದುರು ಮನೆಯ ಹುಡುಗಿ ನನಗೆ. ಅವರ ಮಾತಿನಲ್ಲಿ ದಯ್ಯಂ ಅಂದರೆ ದೆವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸಿಪ್ಪೆ ಬಾಚುವಾಗ ನನ್ನ ಕೈ ನಿಂತುಹೋಯಿತು. ಹೋಳುಗಳು ಬುಡದಲ್ಲಿ ಅಂಟಿಕೊಂಡಿದ್ದವು.

ಅತ್ತೆ ಕೈ ಚಾಚಿ ಒಂದು ಸಿಪ್ಪೆ ಇಸಿದುಕೊಂಡರು. ಬೆರಳಲ್ಲಿ ಸವರಿ ಸವರಿ ನೋಡಿದರು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮಗನಿಗೆ ಹಾಗೆ ಸುಲಿಯಲು ಕಲಿಸಿದವರು ಅವರೇ ಇರಬೇಕು, ಕತ್ತಲಲ್ಲಿ ಕೈ ಚಾಚಿ ಸುಲಿಯುತ್ತಿರುವವರೂ ಅವರೇ ಎಂದು ನಾನು ತೀರ್ಮಾನಿಸಿದೆ. ಓದು ಬೇಡವೆಂದವರು ಗುಟ್ಟಾಗಿ ಮೊಮ್ಮಗಳಿಗೆ ನೆರವಾಗುತ್ತಿದ್ದಾರಲ್ಲ ಎಂದು ಅವರ ಮೇಲೆ ಅಕ್ಕರೆಯೂ ಬಂತು. ಮುಂದೆಯೂ ದಿನಾ ಅವಳ ಮೊರ ಹಾಗೇ ಸುಲಿದಿರುತ್ತಿತ್ತು. ಆ ವಾರವೇ ಅತ್ತೆ ಗೌರಸಮುದ್ರದಲ್ಲಿದ್ದ ಮಗಳ ಮನೆಗೆ ಹೊರಟರು. ಬಸ್ಸು ಹತ್ತುವ ಮುಂಚೆ ನನ್ನ ಮುಂಗೈ ಹಿಡಿದುಕೊಂಡರು.

"ಅದು ನಾನಲ್ಲ ಕಣೆ" ಅಂದರು.

ನಾನು ಅವರನ್ನು ಏನೂ ಕೇಳಿರಲೇ ಇಲ್ಲ.

ಮಾರನೆಯ ಮಧ್ಯಾಹ್ನ ಕಣಜದ ಬುಡ ಖಾಲಿಯಿತ್ತು. ನಾನು ಸುಲಿಯುವುದು ಬಿಟ್ಟು ಕಿವಿಗೊಟ್ಟು ಕೂತೆ. ಮಕ್ಕಳೆಲ್ಲ ಸುಲಿಯುತ್ತಿದ್ದರಿಂದ ಸುತ್ತಲೂ ಟಪ್ ಟಪ್ ಸದ್ದು ಇದ್ದೇ ಇತ್ತು. ಅದರ ನಡುವೆ ನಿಮ್ಮಮ್ಮ ಒಂದು ವಾಕ್ಯ ಓದಿ ನಿಲ್ಲಿಸುವಳು. ಅವಳ ಕತ್ತು ಎಡಕ್ಕೆ ಸ್ವಲ್ಪ ವಾಲುವುದು. ಅಲ್ಲೊಂದು ಟಪ್ ಕೇಳುವುದು. ಆಮೇಲೆ ಮುಂದಿನ ವಾಕ್ಯ. ಅವಳು ಕಾಯುತ್ತಿದ್ದುದು ಆ ಒಂದು ಸದ್ದಿಗೆ ಮಾತ್ರ.

ನಾನು ಬಯಸಿದ್ದೇ ಆಗಿತ್ತು. ಮಗಳು ಓದುತ್ತಿದ್ದಳು. ಮೊದಲಿಗಿಂತ ಚೆನ್ನಾಗಿ ಊಟ ಮಾಡುತ್ತಿದ್ದಳು, ತಲೆ ಬಾಚಿಕೊಳ್ಳುತ್ತಿದ್ದಳು. ಆದರೆ ಬೆಳಗಾದರೆ ಗವಾಕ್ಷಿಯತ್ತ ನೋಡುತ್ತ ಬಿಸಿಲು ಇಳಿಯುವುದನ್ನೇ ಕಾಯುವಳು. ನೀರಿಗೆ ಬಾ ಎಂದರೂ ಹೊಸಿಲು ದಾಟುತ್ತಿರಲಿಲ್ಲ. ಹಡಗಿನ ಕಥೆ ಮುಗಿಯುತ್ತಲೇ ಇರಲಿಲ್ಲ. ಕೊನೆಯ ಹಾಳೆಗಳು ಹತ್ತಿರ ಬಂದಂತೆಲ್ಲ ಅವಳು ಹಿಂದಕ್ಕೆ ಹೋಗಿ ಓದಿದ್ದನ್ನೇ ಓದುತ್ತಿದ್ದಳು. "ಇವರು ನಿನ್ನೇನೂ ಇದೇ ಗಂಜಿ ಕುಡಿದ್ರಲ್ಲೇ" ಎಂದು ಎದುರು ಮನೆಯ ಹುಡುಗಿ ಎದ್ದುಹೋದಳು. ಮಿಕ್ಕವರೂ ಒಬ್ಬೊಬ್ಬರಾಗಿ ಬಿಟ್ಟರು. ಅವರಲ್ಲಿ ತೀರಾ ಚಿಕ್ಕದೊಂದು ಹುಡುಗಿ ಇತ್ತು. ಯಾಕೆ ಹೋಗುವುದಿಲ್ಲ ಎಂದು ಅದರ ತಾಯಿ ಕೇಳಿದ್ದಕ್ಕೆ, ಅಲ್ಲಿ ನನಗೆ ಕೂರುವುದಕ್ಕೆ ಜಾಗ ಇಲ್ಲ ಎಂದಿತಂತೆ. ಅಷ್ಟು ದೊಡ್ಡ ನಡುಮನೆಯಲ್ಲಿ ಆ ಹೊತ್ತಿಗೆ ಕೂರುತ್ತಿದ್ದವರು ನಾವಿಬ್ಬರೇ.

ಮೇ ಕಳೆಯಿತು. ಬಿತ್ತನೆಗೆ ಬೇಕಾದ ಬೀಜವೆಲ್ಲ ಸುಲಿದಾಗಿತ್ತು. ಆದರೂ ಅವಳು ಮನೆಬಳಕೆಗೆ ಇಟ್ಟ ಕಾಯಲ್ಲಿ ಒಂದು ಮೊರ ತುಂಬಿಕೊಂಡು ಬಂದು ಪಕ್ಕದಲ್ಲಿಟ್ಟುಕೊಳ್ಳುವಳು. ಸೋಮವಾರದಿಂದ ಹೈಸ್ಕೂಲು ಶುರು, ಬೆಳಗಿನ ಬಸ್ಸಿಗೆ ಹೊರಡಬೇಕು ಎಂದೆ. ಅವಳು ಪುಸ್ತಕದಿಂದ ಕಣ್ಣೆತ್ತಿದಳು. ಕೊಡ ಖಾಲಿಯಾದರೆ ನೀರು ತರುವವರು ಯಾರು ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು.

"ನಾನು ಹೋದ್ರೆ ಅಪ್ಪಂಗೆ ಓದೋರು ಯಾರವ್ವಾ?"

ಅಪ್ಪ ಇಲ್ಲ ಮಗಳೇ ಎನ್ನಲು ಬಾಯಿ ತೆರೆದೆ. ಮೊರ ಅಲ್ಲೇ ಇತ್ತು.

ರಾತ್ರಿಯೆಲ್ಲ ಯೋಚಿಸಿದೆ. ಬೈದು ಕಳಿಸಿದರೆ ಹೋಗುತ್ತಾಳೆ, ಆದರೆ ಎರಡೇ ದಿನಕ್ಕೆ ಹಿಂದಿರುಗಿ ಈ ಚೌಕಕ್ಕೇ ಬಂದು ಕೂರುತ್ತಾಳೆ. ಪುಸ್ತಕ ಸುಟ್ಟರೆ ಇನ್ನು ಯಾವತ್ತೂ ಓದುವುದಿಲ್ಲ. ಮಾರನೆಯ ದಿನ ಗವಾಕ್ಷಿಯ ಬಿಸಿಲು ನೆಲ ಮುಟ್ಟುವ ಮುಂಚೆಯೇ ಹೋಗಿ ಅವಳ ಜಾಗದಲ್ಲಿ ನಾನು ಕೂತೆ. ಅವಳು ತುಂಬಿಟ್ಟಿದ್ದ ಮೊರವನ್ನು ಎಡಗಡೆ ಇಟ್ಟು, ಪುಸ್ತಕ ತೊಡೆಯ ಮೇಲಿಟ್ಟುಕೊಂಡೆ. ನಾಲ್ಕನೇ ತರಗತಿ ಬಿಟ್ಟ ಮೇಲೆ ನಾನು ಯಾರ ಮುಂದೆಯೂ ದನಿಯೆತ್ತಿ ಓದಿದವಳಲ್ಲ.

"ನಾನು ಓದ್ತೀನಿ ಅವರಿಗೆ" ಅಂದೆ.

ಅವಳು ನಂಬಲಿಲ್ಲ. "ನಿಂಗೆ ಒತ್ತಕ್ಷರ ಬರಲ್ಲವ್ವ."

"ಬಂದಷ್ಟು ಓದ್ತೀನಿ. ಬರದೇ ಇದ್ದದ್ದು ಸಂಜೆ ನೀನು ಶಾಲೆಯಿಂದ ಬಂದು ಹೇಳ್ಕೊಡು."

ಅವಳು ಕತ್ತಲಿಗೆ ಸರಿದು ಮೊಣಕಾಲು ತಬ್ಬಿ ಕೂತಳು. ನಾನು ಬೆರಳಿಟ್ಟುಕೊಂಡು ಒಂದು ವಾಕ್ಯ ಓದಿ ನಿಲ್ಲಿಸಿದೆ. ಸದ್ದಿಲ್ಲ. ಇನ್ನೊಂದು ಓದಿದೆ. ಸದ್ದಿಲ್ಲ. ಮನೆಯಲ್ಲಿ ನನ್ನ ಉಸಿರು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ಮೊರದ ಮೇಲಿತ್ತು, ನನ್ನ ಮೇಲಲ್ಲ. ಮೂರನೆಯದು ಉದ್ದನೆಯ ವಾಕ್ಯ. ನಡುವೆ ಒಂದು ದೊಡ್ಡ ಒತ್ತಕ್ಷರ. ಅದರ ಹತ್ತಿರ ಎರಡು ಸಲ ಎಡವಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಿಟ್ಟು ಮುಂದೆ ಹೋಗಬಹುದಿತ್ತು. ಬಿಡದೆ ಕೂಡಿಸಿ ಕೂಡಿಸಿ ಓದಿ ವಾಕ್ಯ ಮುಗಿಸಿದೆ.

ಎಡಗಡೆ, ನನ್ನ ಮೊಣಕೈಗೆ ಹತ್ತಿರದಲ್ಲೇ, ಟಪ್ ಎಂದಿತು.

ನಾನು ಕತ್ತು ತಿರುಗಿಸಲಿಲ್ಲ. ನಾಲ್ಕನೇ ವಾಕ್ಯ ಶುರು ಮಾಡಿದೆ. ಕತ್ತಲಲ್ಲಿ ನಿಮ್ಮಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಸ್ವಲ್ಪ ಹೊತ್ತು ಕೇಳುತ್ತ ಕೂತಿದ್ದು, ಎದ್ದು ಒಳಗೆ ಹೋದಳು. ಗೂಟಕ್ಕೆ ನೇತುಹಾಕಿದ್ದ ಶಾಲೆಯ ಚೀಲವನ್ನು ಇಳಿಸಿ ಜಾಡಿಸುವ ಸದ್ದು ಕೇಳಿತು.

ಸೋಮವಾರ ಅವಳು ಬಸ್ಸು ಹತ್ತಿದಳು. ಕಿಟಕಿಯಿಂದ ನನಗೆ ಹೇಳಿದ್ದು ಒಂದೇ ಮಾತು, ನಿಧಾನವಾಗಿ ಓದು ಎಂದು. ಆಮೇಲಿನದು ನಿಮಗೆ ಗೊತ್ತೇ ಇದೆ, ಅವಳು ಓದಿ ಟೀಚರಾದಳು. ನಾನು ದಿನಾ ಮಧ್ಯಾಹ್ನ ಹೊಲದಿಂದ ಬಂದು ಕೈಕಾಲು ತೊಳೆದು ಓದಿದೆ. ಎಡವಿದ ಕಡೆ ಇದ್ದಿಲಿನಿಂದ ಗುರುತು ಹಾಕಿಡುತ್ತಿದ್ದೆ, ಸಂಜೆ ಅವಳು ಹೇಳಿಕೊಡುತ್ತಿದ್ದಳು. ಹಡಗು ದಡ ಸೇರಿದ ದಿನ ನನಗೆ ಅಂಜಿಕೆಯಾಯಿತು. ಪುಸ್ತಕ ಮುಚ್ಚದೆಯೇ ಇನ್ನೊಂದನ್ನು ತೆರೆದೆ. ಸಾಹೇಬರ ಅಂಗಡಿಗೆ ಎಷ್ಟು ಸಲ ಹೋದೆನೋ. ಬೆಳಕು ಗೋಡೆ ಹತ್ತುವವರೆಗೆ ಮೊರದ ಕಡೆ ನೋಡುತ್ತಿರಲಿಲ್ಲ. ಕೆಲವು ದಿನ ಕಾಯಿ ಕಾಯಾಗಿಯೇ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ.

ಈಗ ಗವಾಕ್ಷಿಯ ಬೆಳಕಲ್ಲೂ ನನಗೆ ಪುಸ್ತಕದ ಸಣ್ಣ ಅಕ್ಷರ ಕೂಡುವುದಿಲ್ಲ, ಇದನ್ನೂ ದಪ್ಪ ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ. ಬೇಸಿಗೆಗೆ ಬರುವಾಗ ನಿಮಗೆ ಇಷ್ಟವಾದ ಪುಸ್ತಕ ತನ್ನಿ, ಯಾವುದಾದರೂ ಸರಿ. ಮಧ್ಯಾಹ್ನ ಚೌಕದಲ್ಲಿ ಕೂತು ಗಟ್ಟಿಯಾಗಿ ಓದಿ. ತಪ್ಪಿದರೆ ಚಿಂತೆಯಿಲ್ಲ, ಬಿಟ್ಟು ಮಾತ್ರ ಹೋಗಬೇಡಿ. ಒಂದು ವಾಕ್ಯ ಆದ ಮೇಲೆ ಚೂರು ತಡೆಯಿರಿ. ಎಡಕ್ಕೆ ತಿರುಗಿ ನೋಡಬೇಡಿ.