ಹೊರಳದ ಕುತ್ತಿಗೆ

ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ನಾನಾಗ ಎಂಟು ವರ್ಷದವಳು, ನಮ್ಮ ಮನೆ ಭಾಲ್ಕಿಯಲ್ಲಿ. ಪದೇ ಪದೇ ಗಂಟಲು ಬಾತು ಜ್ವರ ಬರುತ್ತಿತ್ತೆಂದು ಅಪ್ಪ ಬೀದರಿಗೆ ಕರೆದೊಯ್ದು ಟಾನ್ಸಿಲ್ ತೆಗೆಸಿದರು. ವಾರದಲ್ಲಿ ರೊಟ್ಟಿ ತಿನ್ನುವಷ್ಟು ಚೇತರಿಸಿಕೊಂಡೆ.

ಒಂದು ಬೆಳಿಗ್ಗೆ ಎದ್ದರೆ ಕುತ್ತಿಗೆ ಒಂದು ಕಡೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ತಿರುಗಿಸಲು ಹೋದರೆ ಜೀವ ಹೋಗುವಷ್ಟು ನೋವು. ಆಪರೇಶನ್ನಿಗೂ ಇದಕ್ಕೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ದಿಂಬಿನ ದೋಷವೆಂದು ಅಜ್ಜಿ ದಿಂಬನ್ನು ಬಿಸಿಲಿಗೆ ಹಾಕಿದಳು.

"ಊರೆಲ್ಲ ಮೈಸೂರ ಕಡಿ ನೋಡ್ಲಾಕತ್ತದ, ಇಕಿ ಒಬ್ಬಾಕಿ ಇನ್ನಾ ಹೈದರಾಬಾದ ಕಡಿ ನೋಡ್ತಾಳ," ಎಂದು ಚಿಕ್ಕಪ್ಪ ಚೇಷ್ಟೆ ಮಾಡಿದ. ಮನೆಯವರೆಲ್ಲ ನಕ್ಕರು. ನನಗೆ ನಗಲೂ ಆಗಲಿಲ್ಲ.

ಮರುದಿನವೂ ಕುತ್ತಿಗೆ ಜಗ್ಗದಿದ್ದಾಗ ಕ್ಷೌರದ ಮಾಣಿಕಪ್ಪನನ್ನು ಕರೆಸಿದರು. ಅವನು ಗದ್ದ ಹಿಡಿದು ಒಮ್ಮೆ ತಿರುವಿದರೆ ಲಟಕ್ಕೆಂದು ಸದ್ದಾಗಿ ಎಂಥ ಉಳುಕಿದ ಕುತ್ತಿಗೆಯೂ ನೆಟ್ಟಗಾಗುತ್ತದೆಂದು ಓಣಿಗೆಲ್ಲ ನಂಬಿಕೆ. ಒಳ್ಳೆಯ ಮನುಷ್ಯ, ಬಂದಾಗಲೆಲ್ಲ ನನಗೆ ಪುಟಾಣಿ ಬೆಲ್ಲ ಕೊಡುತ್ತಿದ್ದ.

ಅಜ್ಜಿ ನನ್ನ ಎರಡೂ ಕೈ ಹಿಡಿದಳು. ಮಾಣಿಕಪ್ಪ ಹಿಂದೆ ಕುಳಿತು ಒಂದು ಕೈ ನೆತ್ತಿಗೆ, ಇನ್ನೊಂದು ಗದ್ದಕ್ಕೆ ಇಟ್ಟ. ಆ ಎಣ್ಣೆಗೈ ತಗುಲಿದ್ದೇ ನನಗೆ ಸಾವೇ ಬಂದು ಹಿಡಿದಂತಾಯಿತು. ಯಾಕೆಂದು ಇವತ್ತಿಗೂ ಹೇಳಲಾರೆ.

"ಬ್ಯಾಡ ಆಯಿ, ಬ್ಯಾಡ," ಎಂದು ಅಜ್ಜಿಯನ್ನು ಬೇಡಿಕೊಂಡೆ.

"ಸುಮ್ನ ಕೂಡವ್ವ, ಕಣ್ಣು ಮುಚ್ಚಿ ತೆಗೆಯೋದ್ರಾಗ ಆಗ್ತದ," ಎಂದ ಮಾಣಿಕಪ್ಪ.

ಬಾಯಿಯ ಹತ್ತಿರ ಬಂದ ಅವನ ಬೆರಳನ್ನು ರಕ್ತ ಬರುವಂತೆ ಕಚ್ಚಿಬಿಟ್ಟೆ. ಅವನು ಕೈ ಕಿತ್ತುಕೊಂಡ. ಅಜ್ಜಿ ಹೊಡೆಯಲು ಕೈಯೆತ್ತಿದಳು. ಅಪ್ಪ ಅವಳನ್ನು ತಡೆದು ನನ್ನ ಹಣೆ ಮುಟ್ಟಿದರು. ಮೈ ಕಾದ ಹಂಚಾಗಿತ್ತು.

"ಜ್ವರ ಬಂದಾವ ಇಕಿಗಿ. ಬೀದರಕ್ಕ ಒಯ್ತೇನಿ," ಎಂದರು.

ಬೀದರಿನ ಡಾಕ್ಟರು ಗಂಟಲು ನೋಡಿ ಎಲುಬಿನ ಫೋಟೋ ತೆಗೆಸಿದರು. ಟಾನ್ಸಿಲ್ ತೆಗೆದ ಗಾಯದ ನಂಜು ಹಿಂದಕ್ಕೆ ಹಬ್ಬಿ ಕುತ್ತಿಗೆಯ ಮೇಲ್ತುದಿಯ ಎಲುಬು ಜಾಗ ಬಿಟ್ಟು ಸರಿದಿತ್ತಂತೆ. ತೀರ ಅಪರೂಪಕ್ಕೆ ಹೀಗಾಗುತ್ತದಂತೆ.

"ಯಾರಾರ ಇಕಿ ಕುತ್ತಿಗಿ ತಿರುವ್ಯಾರೇನ್ರಿ?" ಎಂದು ಕೇಳಿದರು. ಅಪ್ಪ ಇಲ್ಲವೆಂದರು.

"ತಿರುವಿದ್ರ ಕೈಕಾಲು ಹೋಗ್ತಿದ್ದುವುರಿ. ಇಲ್ಲಾ ಜೀವಾನೇ ಹೋಗ್ತಿತ್ತು."

ಮಾಣಿಕಪ್ಪ ಗದ್ದ ಹಿಡಿದದ್ದನ್ನೂ ನಾನು ಕಚ್ಚಿದ್ದನ್ನೂ ಅಪ್ಪ ಆಗ ಹೇಳಿದರು.

ಗದ್ದಕ್ಕೆ ಪಟ್ಟಿ ಕಟ್ಟಿ, ಎಲುಬು ಮೆಲ್ಲಗೆ ಜಾಗಕ್ಕೆ ಬರಲೆಂದು ಅದಕ್ಕೆ ತಲೆಯ ಕಡೆ ಉಸುಕಿನ ಚೀಲ ತೂಗಿಬಿಟ್ಟು, ವಾರಗಟ್ಟಲೆ ಅಲುಗಾಡದಂತೆ ಮಲಗಿಸಿದರು. ಚುಚ್ಚಿದ ಸೂಜಿಗಳಿಗೆ ಲೆಕ್ಕವಿಲ್ಲ. ನೆಟ್ಟಗಾಗಿ ಊರಿಗೆ ಬಂದ ದಿನ ಮಾಣಿಕಪ್ಪ ನೋಡಲು ಬಂದ. ಡಾಕ್ಟರ ಮಾತು ಅವನಿಗೂ ಮುಟ್ಟಿತ್ತು. ಬೆರಳಿನ ಕಲೆ ಸವರುತ್ತ, "ಚಲೋ ಕಚ್ಚಿದಿ ಅವ್ವ," ಎಂದ. ಮತ್ತೆ ಅವನು ಯಾರ ಕುತ್ತಿಗೆಯನ್ನೂ ತಿರುವಲಿಲ್ಲ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಅವರು ಹಿಂದಿನಿಂದ ಬಂದು ಕೊರಳಿಗೆ ಕೈ ಹಾಕಿದರೆ ಇಂದಿಗೂ ಬೆಚ್ಚಿಬೀಳುತ್ತೇನೆ. "ಪ್ರೀತಿಲಿಂದ ಹಿಡದೀವಿ ಆಯಿ," ಎಂದು ನಗುತ್ತಾರೆ. ಅಂದು ನನ್ನನ್ನು ಹಿಡಿದವರೂ ಪ್ರೀತಿಯಿಂದಲೇ ಹಿಡಿದಿದ್ದರು.