ತೌಹೀದಾ ಹುಟ್ಟು ಹಿಡಿದದ್ದು

ನಮ್ಮ ನಡುಗಡ್ಡೆಯಲ್ಲಿ ತೌಹೀದಾಳಷ್ಟು ಚಪ್ಪಲಿ ಸವೆಸಿದವರು ಬೇರೆ ಇರಲಿಲ್ಲ. ಮನೆಯಿಂದ ನೈಲ್ ದಂಡೆಗೆ, ದಂಡೆಯಿಂದ ಒಲೆಯ ಬಳಿಗೆ, ಮತ್ತೆ ದಂಡೆಗೆ. ವಯಸ್ಸು ಇಪ್ಪತ್ತೊಂಬತ್ತು. ಗಿರ್ಗಾ ಪಟ್ಟಣದಲ್ಲಿ ಹೊಲಿಗೆಗೆ ಸೇರಿ, ತೋಳು ಕತ್ತರಿಸಲು ಕಲಿತು, ಕಾಲರಿನ ಪಾಠ ಬರುವಷ್ಟರಲ್ಲಿ ಬಿಟ್ಟಳು. ನರ್ಸಿಂಗ್ ಶಾಲೆಯ ಅರ್ಜಿ ತುಂಬಿದಳು, ಕಳಿಸಲಿಲ್ಲ. ಕೈರೋದ ಅಕ್ಕ ಕರೆದಾಗ ಪೆಟ್ಟಿಗೆ ಕಟ್ಟಿದಳು. ಎಂಟು ದಿನ ಅದು ಬಾಗಿಲ ಬಳಿ ಕೂತಿತ್ತು, ಒಂಬತ್ತನೆಯ ದಿನ ಬಿಚ್ಚಿದಳು. ಸೋಹಾಗ್ ಪಟ್ಟಣದ ರಮ್ಜಿ ಎಂಬುವನು ಹೆಣ್ಣು ಕೇಳಿ ಹೋಗಿ ಏಳು ತಿಂಗಳಾಗಿತ್ತು. ಹೂಂ ಇಲ್ಲ, ಊಹೂಂ ಇಲ್ಲ.

"ಆ ಮನುಷ್ಯನಿಗೆ ಕೂದಲು ಉದುರ್ತಿದೆ ಕಣೇ. ಪೂರ್ತಿ ಬೋಳಾಗ್ಲಿ ಅಂತ ಕಾಯ್ತಿದೀಯಾ?" ಎಂದು ಅವಳ ತಾಯಿ ನಗಫಾ ರೊಟ್ಟಿ ತಟ್ಟುತ್ತಲೇ ಚುಚ್ಚುತ್ತಿದ್ದಳು.

"ಯೋಚನೆ ಮಾಡ್ತಿದೀನಮ್ಮಾ."

"ನಿನ್ನ ಯೋಚನೇನ ಒಲೆಗೆ ಹಾಕಿದ್ರೆ ಊರಿಗೆಲ್ಲಾ ರೊಟ್ಟಿ ಬೇಯ್ತಿತ್ತು!"

ನಾನು ಪಕ್ಕದ ಮನೆಯ ಹುಡುಗಿ. "ಎಲ್ಲಾ ಬಾಗಿಲೂ ತೆರೆದೇ ಇವೆ ಫಿಕ್ರಿಯಾ. ಯಾವುದರೊಳಗೂ ಕಾಲು ಹೋಗಲ್ಲ ನೋಡು" ಎಂದು ತೌಹೀದಾ ಒಮ್ಮೆ ನನ್ನ ಬಳಿ ಹೇಳಿಕೊಂಡಿದ್ದಳು.

ಆ ಮೇ ತಿಂಗಳಲ್ಲಿ ನಾವು ಏಳು ಹುಡುಗಿಯರಿಗೆ ಆಚೆ ದಡದ ಗಿರ್ಗಾದಲ್ಲಿ ಪರೀಕ್ಷೆ. ಒಂಬತ್ತಕ್ಕೆ ಕೊಠಡಿಯ ಬಾಗಿಲು ಹಾಕುತ್ತಾರೆ. ಏಳೂವರೆಯಾದರೂ ದೋಣಿಯ ಬಸ್ಯೂನಿ ಮಾವನ ಸುಳಿವಿಲ್ಲ. ಓಡಿ ಹೋಗಿ ಕರೆದರೆ, ಕೆನ್ನೆ ಊದಿಸಿಕೊಂಡು ಚಾಪೆಯ ಮೇಲೆ ನರಳುತ್ತಿದ್ದ. "ಹಲ್ಲು! ನಾಳೆ ಬನ್ರಮ್ಮಾ." ಹಿಂದಿನ ವರ್ಷವೂ ಹೀಗೆಯೇ ಆಗಿ ಇಬ್ಬರಿಗೆ ಪರೀಕ್ಷೆ ತಪ್ಪಿತ್ತು; ಅವರ ಓದು ಅಲ್ಲಿಗೇ ಮುಗಿದಿತ್ತು. ನಾನು ದಂಡೆಯಲ್ಲಿ ಕೂತು ಅಳತೊಡಗಿದೆ.

ತೌಹೀದಾ ಎಂದಿನಂತೆ ಅತ್ತಿಂದಿತ್ತ ಓಡಾಡುತ್ತಿದ್ದಳು. ನಿಂತಳು. "ಎಷ್ಟು ಗಂಟೆಗೇ?"

"ಒಂಬತ್ತಕ್ಕೆ."

ಅವಳು ಮಾವನ ದೋಣಿಯ ಹಗ್ಗ ಬಿಚ್ಚಿಬಿಟ್ಟಳು. ತೀರಿಹೋದ ಅಪ್ಪ ಮೀನುಗಾರ. ಚಿಕ್ಕವಳಿದ್ದಾಗ ಅವನ ಜೊತೆ ಹುಟ್ಟು ಹಾಕಿದ್ದೇ ಅವಳ ಅನುಭವ. ನಡುನೀರಿನ ಸೆಳೆತಕ್ಕೆ ದೋಣಿ ಕೆಳಕ್ಕೆ ಜಾರಿ ಆಚೆ ದಡದ ಜೊಂಡಿನೊಳಗೆ ನುಗ್ಗಿತು. ಮೊಣಕಾಲುದ್ದದ ಕೆಸರಿನಲ್ಲಿ ಇಳಿದು ಓಡಿದೆವು. ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಒಳಗಿದ್ದೆವು.

ಮೂರು ಗಂಟೆ ಬಿಟ್ಟು ಬಂದರೆ ಅವಳು ದೋಣಿಯಲ್ಲೇ ಕೂತಿದ್ದಳು. ಅಂಗೈ ತುಂಬ ಬೊಬ್ಬೆ. ಹೇಗೆ ಬರೆದಿರೆಂದು ಕೇಳಲಿಲ್ಲ. "ನಾಳೆ ಯಾವ ಪರೀಕ್ಷೆ?" ಅಂದಳು.

ಈಚೆ ದಡದಲ್ಲಿ ಬಸ್ಯೂನಿ ಮಾವ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಕೂಗಾಡುತ್ತಿದ್ದ. "ಕಳ್ಳಿ! ಯಾರನ್ನ ಕೇಳಿ ಬಿಚ್ಚಿದೆ?"

"ನಾಳೆ ಏಳಕ್ಕೆ ನನಗೆ ದೋಣಿ ಬೇಕು ಮಾವ."

"ಹೆಂಗಸು ದೋಣಿ ನಡೆಸೋದಾ? ನೀನಾ? ದಡ ಬಿಟ್ಟ ಮೇಲೆ ಆಚೆಗೋ ಈಚೆಗೋ ಅಂತ ಯೋಚನೆ ಮಾಡ್ತಾ ಕೂರ್ತೀಯಾ!"

"ಹಾಗಾದ್ರೆ ಹಲ್ಲು ಕೀಳಿಸ್ಕೊಂಡು ನೀವೇ ಬನ್ನಿ. ಆದ್ರೆ ಏಳಕ್ಕೆ. ದಿನಾ."

ಮುದುಕ ನಮ್ಮ ಕೆಸರು ಕಾಲುಗಳನ್ನು ನೋಡಿದ. "ಎಡಗಡೆ ಹುಟ್ಟಿನ ಕಟ್ಟು ಸಡಿಲ ಇದೆ. ಬಿಗಿ ಮಾಡ್ಕೋ" ಎಂದು ಗೊಣಗಿ ಹೊರಟ.

ಆ ವಾರವೇ ಅವಳು ತಾಯಿಯ ಮುಂದೆ ಬಂದು ನಿಂತಳು. "ರಮ್ಜಿಗೆ ಬೇಡ ಅಂತ ಹೇಳಿಕಳಿಸಮ್ಮಾ. ಒಳ್ಳೆಯವನು, ಇಷ್ಟು ದಿನ ಕಾಯಿಸಿದ್ದು ನನ್ನ ತಪ್ಪು. ನಾನು ಸೋಹಾಗಿಗೆ ಹೋದ್ರೆ ಏಳು ಗಂಟೆಗೆ ಇಲ್ಲಿ ಯಾರಿರ್ತಾರೆ?" ನಗಫಾ ಎದೆ ಬಡಿದುಕೊಂಡು ಅತ್ತಳು, ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಸಂತೆಗೆ ಹೋಗಬೇಕಿತ್ತು. ಬುಟ್ಟಿ ಹಿಡಿದು ದೋಣಿಯಲ್ಲಿ ಬಂದು ಕೂತಳು, ಮುಖ ಮಾತ್ರ ಆ ಕಡೆ.

ತೌಹೀದಾಳ ಚಡಪಡಿಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಗಾಳಿ ಎದ್ದರೆ ಚಡಪಡಿಕೆ, ಮಂಜು ಇಳಿದರೆ ಚಡಪಡಿಕೆ, ಯಾವಳಾದರೂ ಹುಡುಗಿ ಐದು ನಿಮಿಷ ತಡ ಮಾಡಿದರೆ ಅವಳ ಮನೆ ಬಾಗಿಲಿಗೇ ಹೋಗಿ ಕೂಗುತ್ತಾಳೆ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ದೋಣಿಯಲ್ಲಿ ನಾವು ಹದಿಮೂರು ಮಂದಿ ಇದ್ದೆವು. ಹಿಂದಿನ ವರ್ಷ ಓದು ಬಿಟ್ಟ ಆ ಇಬ್ಬರೂ ಮುಂದಿನ ಹಲಗೆಯ ಮೇಲೆ, ಪುಸ್ತಕ ಎದೆಗವಚಿಕೊಂಡು ಕೂತಿದ್ದರು.