ಕೆಂಪಮ್ಮನ ಬಲಗಾಲು

ನನ್ನ ಬಲಭುಜವನ್ನು ಹಾಳು ಮಾಡಿದ್ದು ಕೆಂಪಮ್ಮನ ಕಾಲಲ್ಲ. ನಾನೇ. ಆರು ವರ್ಷ ಊರು ನಂಬಿದ, ನನ್ನ ಹೆಂಡತಿ ನಂಬಿದ, ಕೊನೆಗೆ ಕೆಂಪಮ್ಮನೇ ನಂಬಿಬಿಟ್ಟ ಆ ಮಾತು ಅಪ್ಪಟ ಸುಳ್ಳು. ಹೇಳಿದವನು ನಾನು. ಬಾಯಿತಪ್ಪಿ ಬಂದದ್ದೂ ಅಲ್ಲ — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಈಗ ಆ ಭುಜ ಮತ್ತೆ ಹಿಡಿದುಕೊಂಡಿದೆ. ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು; ಬೋರ್ಡಿನ ಮೇಲರ್ಧ ನನಗೆ ಎಟುಕುವುದಿಲ್ಲ. ಹಿಂದಿನ ಬೆಂಚಿನವರು 'ಸಾರ್, ಕಾಣ್ಸಲ್ಲ' ಎಂದು ದಿನವೂ ಕೂಗುತ್ತಾರೆ. ಅಂಗಿ ಹಾಕಲು ಐದು ನಿಮಿಷ. ಬೆನ್ನು ತುರಿಸಿದರೆ ಬಾಗಿಲ ಚೌಕಟ್ಟೇ ಗತಿ, ಎಮ್ಮೆಗೆ ಕಂಬವಿದ್ದ ಹಾಗೆ. ಬಲಮಗ್ಗುಲಿಗೆ ಮಲಗುವಂತಿಲ್ಲ, ಎಡಮಗ್ಗುಲಿಗೆ ಮಲಗಿದರೂ ಈ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಇನ್ನು ಸಲಹೆಗಳು — ಅಯ್ಯೋ, ಸಲಹೆಗಳು! ಬಿಸಿ ಉಪ್ಪಿನ ಗಂಟು ಇಡಿ, ಎಳ್ಳೆಣ್ಣೆ ತಿಕ್ಕಿ, ಶುಗರ್ ನೋಡಿಸಿ, ತಲೆದಿಂಬು ಬಿಸಾಕಿ. ಈ ಮಂಡ್ಯದಲ್ಲಿ ಭುಜ ನೋವು ಅಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿರುವವನೂ ಲೋಟ ಕೆಳಗಿಟ್ಟು ವೈದ್ಯನಾಗುತ್ತಾನೆ.

ಫಿಜಿಯೋಥೆರಪಿಯ ಹುಡುಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಲು ಹೇಳುತ್ತಾಳೆ. 'ಗೋಡೆ ಹತ್ತಿ ಸಾರ್, ಇನ್ನೊಂಚೂರು ಹತ್ತಿ.' ಇಪ್ಪತ್ತು ವರ್ಷ ಬಂಡೆ ಹತ್ತಿದವನಿಗೆ! ಗಲ್ಲದ ಮಟ್ಟಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು. ಕೂಗಾಡಬೇಕೆನ್ನಿಸುತ್ತದೆ. ಯಾರ ಮೇಲೆ ಕೂಗಾಡಲಿ?

ಹೌದು, ನಾನು ಬಂಡೆ ಹತ್ತುತ್ತಿದ್ದೆ. ಕಾಲೇಜಿನಲ್ಲಿ ಒಂದು ಶಿಬಿರದಲ್ಲಿ ಅಂಟಿಕೊಂಡ ಚಟ. ನಮ್ಮ ಕಡೆ ಬಂಡೆಗೇನು ಬರ, ಮಳವಳ್ಳಿ ದಾರಿಯಲ್ಲಿ ಹೊಲದ ನಡುವೆಯೇ ಆನೆಯಂಥ ಗುಂಡುಗಳು ಬಿದ್ದಿವೆ. ಒಮ್ಮೆ ಹಾಗೇ ಬಿದ್ದು ಪಾದದ ಮೂಳೆ ಮುರಿದುಕೊಂಡೆ. ಹೆಂಡತಿ ಸವಿತಾ ಎರಡು ತಿಂಗಳು ನನ್ನನ್ನು ಬಚ್ಚಲಿಗೆ ಹಿಡಿದುಕೊಂಡು ಹೋದಳು, ಆಮೇಲೆ ಮಗಳನ್ನು ಎದುರಿಗೆ ನಿಲ್ಲಿಸಿ, 'ಇವಳ ತಲೆ ಮೇಲೆ ಕೈ ಇಟ್ಟು ಹೇಳಿ, ಇನ್ನು ಹತ್ತಲ್ಲ ಅಂತ' ಅಂದಳು. ಕೈ ಇಟ್ಟೆ. ಹೇಳಿದೆ. ಒಂದು ವರ್ಷ ತಡೆದೆ — ಮತ್ತೆ ಶುರು ಮಾಡಿದೆ. ಮೌಲ್ಯಮಾಪನ, ತರಬೇತಿ, ಚುನಾವಣೆ ಡ್ಯೂಟಿ; ಮೇಷ್ಟರಿಗೆ ನೆಪಕ್ಕೇನು ಕಡಿಮೆ.

ಆರು ವರ್ಷದ ಹಿಂದಿನ ಒಂದು ಶನಿವಾರ, ಬಂಡೆಯ ಮೇಲೆ ಒಬ್ಬನೇ ಇದ್ದೆ. ಆಳೆತ್ತರಕ್ಕಿಂತ ತುಸು ಮೇಲೆ ಕಾಲು ಜಾರಿತು, ಇಡೀ ಮೈ ಬಲಗೈಯೊಂದರ ಮೇಲೆ ಜೋತುಬಿತ್ತು. ಭುಜದೊಳಗೆ ಹಸಿ ಕಬ್ಬು ಮುರಿದಂತೆ ಏನೋ ಸದ್ದು. ಕೆಳಗೆ ಬಿದ್ದು ಹತ್ತು ನಿಮಿಷ ಹುಲ್ಲಿನ ಮೇಲೆ ಕೂತಿದ್ದೆ. ಏನು ಹರಿಯಿತೆಂದು ಗೊತ್ತಿರಲಿಲ್ಲ, ಹರಿಯಿತೆಂಬುದು ಮಾತ್ರ ಖಂಡಿತ ಗೊತ್ತಿತ್ತು. ಮನೆಗೆ ಬಂದು, 'ನಿನ್ನೆ ರಾತ್ರಿ ಅಡ್ಡಾದಿಡ್ಡಿ ಮಲಗಿದ್ದೆನೇನೋ, ಭುಜ ಉಳುಕಿದೆ' ಎಂದೆ.

ಮಾರನೆಯ ದಿನ ಆತಗೂರಿನ ಹತ್ತಿರ ಸವಿತಾಳ ತವರಿನಲ್ಲಿ ಬೀಗರೂಟ. ಪಂಕ್ತಿಯಲ್ಲಿ ಕೂತು ಮುದ್ದೆ ಮುರಿದೆ, ತುತ್ತು ಬಾಯಿಗೆ ಬರಲಿಲ್ಲ. ಬಾಯಿಯನ್ನೇ ಎಲೆಯ ಕಡೆಗೆ ಬಗ್ಗಿಸಬೇಕಾಯಿತು. ಅಳಿಯ ಅಂದಮೇಲೆ ನೂರು ಕಣ್ಣು. 'ಏನಾಯ್ತು ಅಳಿಯಂದ್ರಿಗೆ?' 'ಉಳುಕಂತೆ.' 'ಉಳುಕಾದ್ರೆ ಮನೇಲೇ ಕೆಂಪಮ್ಮ ಇಲ್ವಾ!'

ಕೆಂಪಮ್ಮ ಸವಿತಾಳ ಚಿಕ್ಕಮ್ಮ, ನನಗೆ ಚಿಕ್ಕತ್ತೆ. ತಾಯಿಯಿಲ್ಲದ ಸವಿತಾಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದವರು ಅವರೇ. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ನಮ್ಮಲ್ಲಿ ಅಂಥವರು ಬಲಗಾಲಿಂದ ತುಳಿದರೆ ಉಳುಕು, ಸೊಂಟದ ಹಿಡಿತ ಬಿಡುತ್ತದೆಂದು ನಂಬಿಕೆ. ಹೆರಿಗೆಯಲ್ಲಿ ತಾಯಿಯನ್ನು ಸಾವಿನ ಬಾಯಿಗೆ ತಂದ ಕೂಸು ಎಂದು ಚಿಕ್ಕವರಿದ್ದಾಗ ಬೈಸಿಕೊಂಡವರು, ದೊಡ್ಡವರಾದ ಮೇಲೆ ಅದೇ ಕಾಲಿನಿಂದ ಮರ್ಯಾದೆ ಪಡೆದಿದ್ದರು. ಬೆಳಗಾದರೆ ಜಗಲಿಯ ಮೇಲೆ ಇಬ್ಬರು ಮೂವರು ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದರು. ಮದ್ದೂರು, ಮಳವಳ್ಳಿಯಿಂದಲೂ ಬರುತ್ತಿದ್ದರು. ಅವರು ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಆ ಕಾಲಿಗೆ ನಿಜವಾಗಿ ಗುಣವಿತ್ತೋ ಇಲ್ಲವೋ, ಗಣಿತ ಓದಿದ ನನಗೆ ಗೊತ್ತಿಲ್ಲ. ಅವರಿಗೆ ಆ ಕಾಲಿನ ಬಗ್ಗೆ ಒಂದು ಹೆಮ್ಮೆಯಿತ್ತು, ಅದು ಗೊತ್ತಿತ್ತು.

ನನ್ನನ್ನು ತುಳಿಯಲು ಅವರು ಒಪ್ಪಲಿಲ್ಲ. ನಮ್ಮ ಧಾರೆಯಲ್ಲಿ ತಾಯಿಯ ಸ್ಥಾನದಲ್ಲಿ ನಿಂತು ನನ್ನ ಕಾಲು ತೊಳೆದಿದ್ದವರು ಅವರು.

'ಕಾಲ್ ತೊಳ್ದಿವ್ನಿ, ಅಂಥೋರ್ಗೆ ಕಾಲ್ ತಾಗ್ಸದಾ? ಬ್ಯಾಡ ಕಣವ್ವ, ಆಗಾಕಿಲ್ಲ' ಎಂದು ಒಳಗೆ ಹೋಗಿಬಿಟ್ಟರು.

ಆಗಲೇ ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬೇಡವೆಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ — ಸವಿತಾ ಪಕ್ಕದಲ್ಲೇ ನಿಂತಿದ್ದಳು. 'ಪರವಾಗಿಲ್ಲ ಚಿಕ್ಕತ್ತೆ, ಬನ್ನಿ' ಎಂದು ನಾನೇ ಕರೆದು ಚಾಪೆಯ ಮೇಲೆ ಬೋರಲು ಮಲಗಿದೆ. ಅವರು ಮೊದಲು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಹೊಸಿಲು ದಾಟುವವರ ಹಾಗೆ ಹಗುರವಾಗಿ ಮೂರು ಸಲ ಭುಜದ ಹಿಂಭಾಗಕ್ಕೆ ಕಾಲು ತಾಗಿಸಿದರು. ನೋವೇ ಆಗಲಿಲ್ಲ. ಇದ್ದ ನೋವು ಇದ್ದ ಹಾಗೇ ಇತ್ತು.

ಹದಿನೈದು ದಿನ ಕಳೆದರೂ ಕೈ ಏಳದಿದ್ದಾಗ ಮಂಡ್ಯದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಭುಜದ ಸ್ನಾಯು ಅರ್ಧ ಹರಿದಿದೆ ಎಂದರು. 'ಎಲ್ಲಾದ್ರೂ ಬಿದ್ರಾ? ಕೈ ಮೇಲೆ ಜೋತುಬಿದ್ರಾ?'

ಸವಿತಾ ನನ್ನ ಮುಖ ನೋಡಿದಳು.

'ಇಲ್ಲ ಡಾಕ್ಟ್ರೇ. ಹಳ್ಳಿಯಲ್ಲಿ ಒಬ್ಬರು ತುಳಿದರು. ಅವತ್ತಿನಿಂದಲೇ ಹೀಗೆ.'

ಇಷ್ಟೇ. ಡಾಕ್ಟರು ಹಳ್ಳಿಯ ಮೂಢನಂಬಿಕೆಯನ್ನು ಬೈದರು. ನಾನು ವಿದ್ಯಾವಂತನ ಹಾಗೆ ತಲೆಯಾಡಿಸಿದೆ. ಸವಿತಾ ಆಸ್ಪತ್ರೆಯ ಮೆಟ್ಟಿಲಲ್ಲೇ ಫೋನು ತೆಗೆದಳು. 'ಚಿಕ್ಕಮ್ಮ, ನಿನ್ ಕಾಲು ನನ್ ಗಂಡನ್ ಕೈಯನ್ನೇ ತಕ್ಕಂಡ್ತು' ಎಂದು ಅತ್ತಳು. ನಾನು ಔಷಧಿ ಚೀಟಿ ಓದುತ್ತಾ ನಿಂತಿದ್ದೆ.

ಅದಕ್ಕಿಂತ ನೀಚತನ ಮಾಡಿದ್ದು ಮುಂದಿನ ವಾರ. ಕೊರಳಿಗೆ ಕೈಪಟ್ಟಿ ಹಾಕಿಕೊಂಡು ಊರಿಗೆ ಹೋದೆ. ಡೈರಿಯ ಮುಂದೆ ಹಾಲು ಹಾಕಲು ನಿಂತವರೆಲ್ಲ ಸುತ್ತುವರಿದು ಕೇಳಿದರು. ನಾನು ದೊಡ್ಡಮನುಷ್ಯನ ಹಾಗೆ ನಕ್ಕು, 'ಅವರದ್ದೇನು ತಪ್ಪಿಲ್ಲ ಬಿಡಿ, ತುಳಿಸಿಕೊಂಡದ್ದು ನನ್ನ ತಪ್ಪು' ಎಂದೆ. ನೇರವಾಗಿ ಬೈದಿದ್ದರೆ ಊರಿನವರಲ್ಲಿ ನಾಲ್ಕು ಜನವಾದರೂ ಕೆಂಪಮ್ಮನ ಪರ ವಹಿಸುತ್ತಿದ್ದರೇನೋ. ಮನೆಯ ಅಳಿಯ, ಮೇಷ್ಟರು, ಕೈ ಹೋದರೂ ಒಂದು ಮಾತು ಆಡದವನು — ಇಂಥವನ ಮಾತನ್ನು ಯಾರು ಅನುಮಾನಿಸುತ್ತಾರೆ? ತಿಂಗಳೊಳಗೆ ಅವರ ಜಗಲಿ ಖಾಲಿಯಾಯಿತು.

ಒಂದು ದಿನ ಚಿಕ್ಕತ್ತೆ ನಾಟಿಕೋಳಿ ಸಾರು ಮಾಡಿಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ಬಂದರು. ನಾನು ರೂಮಿನಲ್ಲಿದ್ದೆ, ಪರದೆಯ ಹಿಂದೆ. 'ತಪ್ಪಾಯ್ತು ಕಣವ್ವ. ಅಳಿಯಂದ್ರಿಗೆ ಒಂದ್ ಮಾತ್ ಏಳ್ಬುಟ್ಟು ಓಯ್ತೀನಿ' ಎನ್ನುತ್ತಿದ್ದರು. 'ಮಲಗವ್ರೆ' ಎಂದಳು ಸವಿತಾ. ಸಾರಿನ ಪಾತ್ರೆ ಒಳಗೆ ಬಂತು, ಅವರು ಬರಲಿಲ್ಲ. ಆ ಸಾರನ್ನು ನಾನು ಉಂಡೆ. ಎರಡು ಸಲ ಹಾಕಿಸಿಕೊಂಡೆ.

ಆ ಕೈಪಟ್ಟಿಯನ್ನು ಮೂರು ವಾರಕ್ಕೆ ತೆಗೆಯಲು ಡಾಕ್ಟರು ಹೇಳಿದ್ದರು. ನಾನು ನಾಲ್ಕು ತಿಂಗಳು ಹಾಕಿದೆ. ನೋಡಲು ಬರುವ ನೆಂಟರಿಗೆ ಕೈ ಕಾಣಬೇಕಲ್ಲ! ಆಡಿಸದೆ ಇಟ್ಟ ಕೀಲು ಬಿಗಿದುಕೊಂಡಿತು, ಅದು ಸಡಿಲವಾಗಲು ವರ್ಷ ಹಿಡಿಯಿತು, ಈಗ ಮತ್ತೆ ಬಿಗಿದಿದೆ. ಹರಿದದ್ದು ಬಂಡೆಯ ಮೇಲೆ, ಬಿಗಿದದ್ದು ನನ್ನ ನಾಟಕದಿಂದ. ಇದನ್ನು ಫಿಜಿಯೋಥೆರಪಿಯ ಹುಡುಗಿಗೂ ಹೇಳಿಲ್ಲ. ಅವಳು ಪಾಪ, ಸಕ್ಕರೆ ಕಾಯಿಲೆಯಿಂದ ಬಿಗಿಯಿತೇನೋ ಎಂದು ಪರೀಕ್ಷೆ ಮಾಡಿಸುತ್ತಿದ್ದಾಳೆ.

ಹೋದ ವಾರ ಊರಿನಿಂದ ಸುದ್ದಿ ಬಂತು. ಚಿಕ್ಕತ್ತೆಯ ಗಂಡ, ಚಿಕ್ಕಮಾವ, ಮೇವಿನ ಹೊರೆ ಎತ್ತುವಾಗ ಸೊಂಟ ಹಿಡಿದು ನಾಲ್ಕು ದಿನ ಮಲಗಿದಲ್ಲೇ ಇದ್ದರಂತೆ. 'ಒಂದ್ಸಲ ಕಾಲಿಡೇ' ಎಂದು ಹೆಂಡತಿಯ ಕೈ ಹಿಡಿದು ಬೇಡಿದರಂತೆ. ಕೆಂಪಮ್ಮ ಅಳುತ್ತಾ ದೂರ ಸರಿದು, 'ನನ್ ಕಾಲು ಕೆಟ್ಟದ್ದು' ಎಂದರಂತೆ. ಸವಿತಾ ಇದನ್ನು ಹೇಳುವಾಗ ನಾನು ಊಟಕ್ಕೆ ಕೂತಿದ್ದೆ. ಎಲ್ಲವನ್ನೂ ಅಲ್ಲೇ ಹೇಳಿದೆ — ಶನಿವಾರ, ಬಂಡೆ, ಮಗಳ ತಲೆಯ ಮೇಲಿನ ಆಣೆ. ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ತಟ್ಟೆ ತೆಗೆದುಕೊಂಡು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಆರು ವರ್ಷ ನಾನು ಅವಳ ಮನೆ ಹೊಸಿಲು ತುಳ್ದಿಲ್ಲ ರೀ' ಎಂದಳು. ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು.

ಮಾರನೆಯ ದಿನ ಹೋದೆ. ಚಿಕ್ಕತ್ತೆ ಕೊಟ್ಟಿಗೆಯಲ್ಲಿದ್ದರು. ನಿಂತಲ್ಲೇ ಹೇಳಿದೆ. ಅವರು ಸಗಣಿ ಬಾಚುತ್ತಿದ್ದ ಕೈ ನಿಲ್ಲಿಸಿದರು.

'ಚಾಪೆ ಮ್ಯಾಲೆ ಮಲಗ್ದಾಗ್ಲೇ ಗೊತ್ತಿತ್ತಾ ನಿಮ್ಗೆ?'

'ಗೊತ್ತಿತ್ತು.'

'ನಾನು ಕಾಲ್ನ ಒತ್ತಿ ಊರೇ ಇಲ್ವಲ್ಲಾ ಅಂತ ಎಷ್ಟ್ ಕಿತ ಅಂದ್ಕಂಡಿವ್ನಿ. ಬರ್ತಾ ಬರ್ತಾ ನಂಗೇ ಅನುಮಾನ ಬಂತು, ಊರ್ಬುಟ್ನೇನೋ ಅಂತ. ನನ್ ಕಾಲ್ಗೆ ನಾನೇ ಎದರ್ಕಂಡು ಬದುಕ್ದೆ ಕಣಪ್ಪ.'

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬಿಡಲಿಲ್ಲ. 'ನಂಗ್ಯಾಕೆ ಏಳ್ತೀರಿ? ಅವತ್ತು ಡೈರಿ ಮುಂದೆ ಊರ್ಗೆಲ್ಲಾ ಏಳುದ್ರಿ. ಓಗಿ ಊರ್ಗೇ ಏಳಿ.'

ಭಾನುವಾರ ಮೊದಲ ಬಸ್ಸಿಗೆ ಮತ್ತೆ ಹೋದೆ. ಆರು ಗಂಟೆಗೆ ಡೈರಿಯ ಮುಂದೆ ಮೂವತ್ತು ನಲವತ್ತು ಜನ. ಚಿಕ್ಕತ್ತೆಯೂ ಕ್ಯಾನು ಹಿಡಿದು ಸಾಲಿನಲ್ಲಿದ್ದರು, ನನ್ನ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ನಿಂತು, ತರಗತಿಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ, ನಡೆದದ್ದನ್ನೆಲ್ಲ ಹೇಳಿದೆ. ಅವರ ಕಾಲಿನದೇನೂ ತಪ್ಪಿಲ್ಲ, ನಾನು ಸುಳ್ಳುಗಾರ, ಎಂದೆ. ಬೈಯುತ್ತಾರೆ, ಉಗಿಯುತ್ತಾರೆ ಎಂದುಕೊಂಡಿದ್ದೆ.

'ಅಯ್ಯೋ, ಅಳೇ ಕತೆ ಬುಡಿ ಸಾ' ಎಂದ ಒಬ್ಬ. ಇನ್ನೊಬ್ಬ ಹಾಲಿನ ಗಟ್ಟಿತನದ ಡಿಗ್ರಿ ಕಡಿಮೆ ಬಂತೆಂದು ಒಳಗಿನವನ ಜೊತೆ ಜಗಳಕ್ಕೆ ನಿಂತ. ಸಾಲು ಮುಂದೆ ಸರಿಯಿತು. ಅಂದು ಗಂಟೆಯೊಳಗೆ ಮೂರು ಊರು ಸುತ್ತಿದ್ದ ನನ್ನ ಮಾತು, ಇಂದು ಎದುರಿನ ಅರಳಿಮರದವರೆಗೂ ಹೋಗಲಿಲ್ಲ.

ಮುದುಕ ಬೋರಣ್ಣನೊಬ್ಬ ಮಾತ್ರ ಕಿವಿಗೊಟ್ಟಿದ್ದ. ಸಾಲಿನಿಂದ ಈಚೆ ಬಂದು, 'ಅಂಗಾರೆ ಕೆಂಪಮ್ಮ, ನನ್ ಸೊಂಟ ಒಸಿ ತುಳಿದ್ಬುಡು ಬಾ. ವಾರದಿಂದ ಬಗ್ಗಾಕೇ ಆಯ್ತಿಲ್ಲ' ಎಂದ.

ಚಿಕ್ಕತ್ತೆ ಕ್ಯಾನು ಕೆಳಗಿಟ್ಟರು. ಅವರು ಸೀರೆಯ ನೆರಿಗೆಯನ್ನು ತುಸು ಎತ್ತಿ ಬಲಗಾಲನ್ನು ನೋಡಿಕೊಂಡರು, ಯಾರದೋ ಕಾಲನ್ನು ನೋಡುವ ಹಾಗೆ. 'ಬ್ಯಾಡ ಕಣಣ್ಣ. ಮಂಡ್ಯಕ್ಕೋಗಿ ತೋರುಸ್ಕೋ' ಎಂದು ಸೆರಗು ಸರಿಮಾಡಿಕೊಂಡು ಮತ್ತೆ ಸಾಲಿಗೆ ಸೇರಿದರು.

ಬರುವ ಭಾನುವಾರವೂ ಹೋಗುತ್ತೇನೆ, ಅದರ ಮುಂದಿನದಕ್ಕೂ. ಕೇಳುವವರಿರಲಿ ಇಲ್ಲದಿರಲಿ, ಅದೇ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳುತ್ತೇನೆ. ಆ ಭಾನುವಾರ ಹಾಲು ಹಾಕಿ ಚಿಕ್ಕತ್ತೆ ಮನೆಯ ಕಡೆ ಹೊರಟಾಗ ಹಿಂದೆ ಹೋಗಿ, ಖಾಲಿ ಕ್ಯಾನನ್ನಾದರೂ ಇಸಿದುಕೊಳ್ಳೋಣವೆಂದು ಕೈ ಚಾಚಿದೆ. ಅವರು ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆದರು.